ಪೈಲ್ವಾನರು ಮುರಿದ ಪಕ್ಕೆಲುಬು

ಅವರ ಬಲಗಿವಿ ಕಿವಿಯ ಹಾಗಿರಲಿಲ್ಲ. ಕುಸ್ತಿಯಲ್ಲಿ ಏಟು ತಿಂದೂ ತಿಂದೂ ಹಿಚುಕಿದ ಹಿಟ್ಟಿನುಂಡೆಯಂತಾಗಿತ್ತು. ಪರರಾಜ್ಯದ ಖರಾಡಿ ಬಡಾವಣೆಯಲ್ಲಿದ್ದ ನಮ್ಮ ಆಫೀಸಿನ ಕಾವಲುಗಾರರು, ಕಲಬುರಗಿ ಕಡೆಯವರು. ಒಮ್ಮೆ ಎದುರಾಳಿಯ ಕುತ್ತಿಗೆ ಮುರಿದ ಮೇಲೆ ಕಣಕ್ಕೇ ಇಳಿದಿರಲಿಲ್ಲವಂತೆ. ಆದರೂ ನಮಗೆ ಅವರು ಪೈಲ್ವಾನರೇ.

ಕಂಪನಿ ಆರೋಗ್ಯ ಕಾರ್ಯಕ್ರಮವೆಂದು ಕಾವಲುಗಾರರನ್ನು ಬಿಟ್ಟು ಎಲ್ಲರಿಗೂ ಹೆಜ್ಜೆ ಎಣಿಸುವ ಕೈಪಟ್ಟಿ ಹಂಚಿತು. ಹೆಚ್ಚು ನಡೆದವರಿಗೆ ಬಹುಮಾನ. ಎದೆಬಡಿತ ನಿಂತವರಿಗೆ ಏನು ಮಾಡಬೇಕೆಂದು ಗೊಂಬೆಯ ಮೇಲೆ ಒತ್ತಿಸಿ ಕಲಿಸಿದ್ದೂ ಆಗಲೇ. ನಾವು ಫೋನ್ ನೋಡುತ್ತ ಕೂತಿದ್ದೆವು. ಪೈಲ್ವಾನರು ಗೊಂಬೆಯ ಎದೆಯನ್ನೇ ಮುರಿದರು, ನಕ್ಕು ನಕ್ಕು ನಮಗೆ ಸಾಕಾಯಿತು.

ಮೈಸೂರಿನಿಂದ ಬಂದು ಕುರ್ಚಿಯಲ್ಲೇ ಊದಿಕೊಂಡಿದ್ದ ನಾನು ನನ್ನ ಕೈಪಟ್ಟಿಯನ್ನು ಅವರಿಗೆ ಕೊಟ್ಟೆ. "ಹೇಗಿದ್ರೂ ರೌಂಡ್ಸ್ ಹೋಗ್ತೀರಲ್ಲ, ಹಾಕ್ಕೊಂಡಿರಿ." ಗಡಿಯಾರವೆಂದು ಕಟ್ಟಿಕೊಂಡರು. ತಿಂಗಳ ಕೊನೆಗೆ ಮೊದಲ ಬಹುಮಾನ ನನಗೇ ಬಂತು. ಬಾಗಿಲಲ್ಲಿ ನಿಂತು ಚಪ್ಪಾಳೆ ಕೇಳಿದಾಗಲೇ ಅವರಿಗೆ ನನ್ನ ಕಳ್ಳತನ ತಿಳಿದದ್ದು.

ಮರುದಿನ ಬೆಳಿಗ್ಗೆ ಲಿಫ್ಟಿನ ಬಾಗಿಲಿಗೆ ಲಾಠಿಯಿಂದ ಬಡಿದರು. ನನ್ನ ಕಾಲರ್ ಹಿಡಿದು ಮೆಟ್ಟಿಲಿನತ್ತ ನೂಕಿದರು.

"ನಡದಂವ ನಾ, ಬಹುಮಾನ ನಿಮಗ. ಇನ್ನ ನಿಮ್ಮ ಕಾಲು ನೀವ ಎತ್ತರಿ."

ದಿನಾ ಇದೇ ಆಯಿತು. ನಿಂತರೆ ಲಾಠಿ ಮೊಣಕಾಲಿನ ಹಿಂದೆ ಬೀಳುತ್ತಿತ್ತು. ಮನಸ್ಸಿನಲ್ಲೇ ಅವರಿಗೆ ಹಿಡಿಶಾಪ ಹಾಕುತ್ತ ಹತ್ತುತ್ತಿದ್ದೆ. ಹೀಗೆ ಹತ್ತುವಾಗಲೇ ಒಂದು ದಿನ ನಾಲ್ಕನೇ ಮಹಡಿಯಲ್ಲಿ ಎದೆ ಹಿಂಡಿ ಬಂದು ಬಿದ್ದೆ.

ಮುಂದಿನದನ್ನು ಸಹೋದ್ಯೋಗಿಗಳು ಹೇಳಿದರು. ಪೈಲ್ವಾನರು ಕೆನ್ನೆಗೆ ಎರಡು ಬಿಗಿದರಂತೆ. ಎಚ್ಚರವಾಗದಿದ್ದಾಗ ಎದೆಯ ಮೇಲೆ ಎರಡೂ ಕೈಯೂರಿ ಒತ್ತಿದರಂತೆ. ಮೂಳೆ ಲಟಲಟ ಮುರಿದ ಸದ್ದು ಕೇಳಿ, "ಬಿಡಿ, ಸಾಯ್ತಾನೆ" ಎಂದು ಎಳೆಯಲು ಹೋದವನನ್ನು ಒದ್ದು ಕೆಡವಿ, ಆಂಬ್ಯುಲೆನ್ಸ್ ಬರುವವರೆಗೂ ಒತ್ತಿದರಂತೆ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಉಸಿರೆಳೆದರೆ ಚೂರಿ ಇರಿದಂತಾಗುತ್ತಿತ್ತು. ಎರಡು ಪಕ್ಕೆಲುಬು ಹೋಗಿದ್ದವು. ಕಾವಲುಗಾರ ನನ್ನ ಮೇಲೆ ಕೈ ಮಾಡಿದ್ದಾನೆ ಎಂದು ಬರೆದ ಪತ್ರವನ್ನು ಆಫೀಸಿನವರು ತಂದರು. ಸಿಟ್ಟಿನಲ್ಲಿ ಸಹಿ ಹಾಕಿದೆ. ಅಂದೇ ಅವರ ಕೆಲಸ ಹೋಯಿತು.

ಮಾರನೆಯ ದಿನ ಡಾಕ್ಟರು ಹೇಳಿದರು, ರಕ್ತನಾಳ ಬಹಳ ದಿನದಿಂದ ಕಟ್ಟಿತ್ತು, ಮೆಲ್ಲಗೆ ಒತ್ತಿದ್ದರೆ ನೀವು ಇರುತ್ತಿರಲಿಲ್ಲ ಎಂದು. ಪತ್ರ ವಾಪಸು ಪಡೆಯುವಷ್ಟು, ಅವರ ಕಾಲಿಗೆ ಬೀಳುವಷ್ಟು ಗಂಡಸುತನ ನನಗಿರಲಿಲ್ಲ. ನಾಚಿಕೆಯಲ್ಲಿ ಎರಡು ವರ್ಷ ಕಳೆದೆ. ಅವರು ತೀರಿಕೊಂಡರೆಂದು ಇನ್ನೊಬ್ಬ ಕಾವಲುಗಾರ ಹೇಳಿದಾಗ ಹೋದೆ.

ತಗಡಿನ ಮನೆಯ ಮುಂದೆ ಕೂತಿದ್ದ ಅವರ ಹೆಂಡತಿ ನನ್ನ ಹೆಸರು ಕೇಳುತ್ತಲೇ ಎದೆಯನ್ನು ದಿಟ್ಟಿಸಿದರು.

"ಎಲುಬು ಕೂಡ್ಯಾವೇನ್ರಿ?"

ತಲೆಯಾಡಿಸಿದೆ. ಪತ್ರದ ವಿಷಯ ನಾನೇ ಎತ್ತಿದೆ.

"ಆಫೀಸಿನ್ಯಾಗ ತೋರ್ಸಿದ್ರಂತ್ರಿ. ಬರದದ್ದು ಖರೇನ ಅದ, ಹೊಡದೀನಿ ಅಂದು ಬಂದ್ರು. ಮನಿಗೆ ಬಂದು ನಗಾಕತ್ತಿದ್ರು. ಸಹಿ ಮಾಡುವಷ್ಟು ಕಸುವು ಕೈಯಾಗ ಬಂದದ, ಉಳದಾನ ಬಿಡು ಅಂದ್ರು."