ಅನ್ನ ಬಸಿಯೋ ರ‍್ಯಾಂಪು

ಇವತ್ತು ಮದ್ದೂರಲ್ಲಿ ತಂಗಿ ಮಗಳ ಬೀಗರೂಟ ಕಣ್ರಪ್ಪ. ನನ್ನ ವೀಲ್‌ಚೇರು ಛತ್ರದೊಳಕ್ಕೆ ಹೋಗೋಕಿರೋದು ಪಕ್ಕದ ರ‍್ಯಾಂಪು ಒಂದೇ. ಅಲ್ಲಿ ಅಡುಗೆಯವರು ಕೊಪ್ಪರಿಗೆ ಬಗ್ಗಿಸಿ ಅನ್ನ ಬಸೀತಿದ್ರು. ಗಂಜಿ ಸಲೀಸಾಗಿ ಕೆಳಕ್ಕೆ ಹರೀತಿತ್ತು.

"ಇಳಿಜಾರಲ್ವಾ ಸಾ, ಬಸಿಯೋಕೆ ಸಂದಾಕದೆ" ಅಂದ ಛತ್ರದ ಮ್ಯಾನೇಜರು. ನನ್ನನ್ನ ನಾಲ್ಕು ಜನ ಮೂಟೆ ಥರ ಎತ್ತಿ ಮೆಟ್ಟಿಲು ಹತ್ತಿಸಿದ್ರು.

ಒಳಗೆಲ್ಲ ಒಲೆ ಹೊಗೆ. ಫೈರ್ ಅಲಾರಂ ಮಾತ್ರ ಗಪ್‌ಚಿಪ್. ತಲೆಯೆತ್ತಿದ್ರೆ, ಅದಕ್ಕೊಂದು ಪ್ಲಾಸ್ಟಿಕ್ ಕವರ್ ಕಟ್ಟಿದ್ದಾರೆ!

"ಬುಟ್ರೆ ಬೀಗರೂಟದಲ್ಲೆಲ್ಲ ಬಡ್ಕತದೆ ಸಾ. ಜನ ಎಲೆ ಬುಟ್ಟು ಎದ್ದೋಯ್ತಾರೆ" ಅಂದ ಅದೇ ಮ್ಯಾನೇಜರು.

"ನಿಜವಾಗ್ಲೂ ಬೆಂಕಿ ಬಿದ್ರೆ ನಾನು ಹೆಂಗಯ್ಯಾ ಹೊರಗೆ ಹೋಗ್ಲಿ?"

"ತಂದಂಗೇ ಎತ್ಕೊಂಡೋಯ್ತೀವಿ, ಊಟ ಮಾಡಿ ಸಾ."

ಬೆಂಕಿ ಬಿದ್ದಾಗ ನನ್ನನ್ನ ಎತ್ತೋಕೆ ಯಾರು ನಿಂತಿರ್ತಾರೋ ಕಾಣೆ. ಗಂಜಿ ಮಾತ್ರ ಯಾರ ಹಂಗೂ ಇಲ್ಲದೆ ರ‍್ಯಾಂಪಲ್ಲಿ ಇಳಿದು ಬಚಾವಾಗುತ್ತೆ.