ಕಾವಲು ಕೂತವರ ನಿದ್ದೆ

ಬೆಳಗಿನ ಐದು ಗಂಟೆ. ಅಡುಗೆಮನೆಯ ಮೇಜಿನ ಮೇಲೆ ಮಡಚಿದ ಟವೆಲ್ ಹಾಸಿದೆ. ದಾಳ ಉರುಳುವ ಸದ್ದಿಗೆ ಪಕ್ಕದ ಕೋಣೆಯಲ್ಲಿ ಮಲಗಿರುವ ತಂಗಿಯ ಮಗಳಿಗೆ ಎಚ್ಚರವಾಗಬಾರದಲ್ಲ, ಅದಕ್ಕೆ. ಅರವತ್ತೆರಡು ವರ್ಷದ 'ಡ್ಯೂಟಿ ಅಕ್ಕ' ಇಪ್ಪತ್ತು ಮುಖದ ದಾಳವನ್ನು ಅಂಗೈಯಲ್ಲಿ ಕುಲುಕಿ ಬಿಡುತ್ತಾರೆ. ನಾಲ್ಕು ಬೀಳುತ್ತದೆ. "ಥೂ, ಇವತ್ತೂ ಸತ್ತ ಇವನು" ಎಂದು ಗೊಣಗಿ, ಗೆರೆ ಹಾಳೆಯ ನೋಟ್‌ಬುಕ್ಕಿನಲ್ಲಿ ಯೋಧನ ಮುಂದೆ ಅಡ್ಡಗೀಟು ಎಳೆಯುತ್ತಾರೆ. ಲೋಟದ ಚಹಾ ಆಗಲೇ ಆರಿದೆ.

ಗಾಬರಿ ಬೇಡ, ಸತ್ತವನು ಕಾಗದದ ಮೇಲಿನ ಯೋಧ. ತಂಗಿಯ ಮಗಳು ಇಬ್ಬರು ಗೆಳತಿಯರ ಜೊತೆ ಸೇರಿ ಒಂದು ಆಟದ ಪುಸ್ತಕ ಬರೆದಿದ್ದಾಳೆ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಯೋಧ, ಮಾಂತ್ರಿಕೆ, ವೈದ್ಯ ಎಂದು ಪಾತ್ರ ಹಂಚಿಕೊಂಡು, ಮಾತಿನಲ್ಲೇ ಕಾಡು ಕೋಟೆ ಸುತ್ತಿ ಬರುವ ಆಟ. ಹೊಡೆತ ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಯಾವ ಪಾತ್ರಕ್ಕೆ ಎಷ್ಟು ಶಕ್ತಿ ಇರಬೇಕು, ದಣಿದ ಮೇಲೆ ಎಷ್ಟು ಹೊತ್ತಿನ ವಿಶ್ರಾಂತಿಗೆ ಅದು ಮರಳಬೇಕು ಎಂದು ಸರಿತೂಗಿಸುವುದು ಡ್ಯೂಟಿ ಅಕ್ಕನ ಕೆಲಸ.

"ಮಾಂತ್ರಿಕೆಗೆ ದಿನಕ್ಕೆ ಐದೇ ಮಂತ್ರ. ಮುಗಿದ್ರೆ ರಾತ್ರಿಯಿಡೀ ನಿದ್ದೆ ಬೇಕು. ಯೋಧ ಒಂದು ಗಂಟೆ ಕಾಲು ಚಾಚಿ ಕೂತ್ರೆ ಸಾಕು, ಎದ್ದುಬಿಡ್ತಾನೆ. ಈಗ ಒಂದೊಂದು ಕಾಳಗ ಆದ್ಮೇಲೂ ಎಲ್ಲರೂ ಹೋಗಿ ಮಲಗಿದ್ರು ಅನ್ನಿ. ಅವಳು ಪ್ರತಿ ಸಲ ಐದೂ ಮಂತ್ರ ಸುರೀತಾಳೆ, ಇವನು ಚೀಲ ಹೊತ್ಕೊಂಡು ಹಿಂದೆ ಬರ್ತಾನೆ. ಮಲಗೋಕೇ ಬಿಡದಿದ್ರೆ ಮಧ್ಯಾಹ್ನಕ್ಕೆಲ್ಲ ಅವಳ ಕೈ ಖಾಲಿ. ಆಡೋಕೆ ಕೂತವರಲ್ಲಿ ಒಬ್ಬರ ಮುಖ ಬಾಡಿದ್ರೂ ನನ್ನ ಲೆಕ್ಕ ತಪ್ಪಿದೆ ಅಂತಲೇ ಅರ್ಥ."

ದಿನಕ್ಕೆ ಹನ್ನೆರಡು ಕಾಳಗ. ನಾಲ್ವರ ಪಾಲಿನ ದಾಳವನ್ನೂ ಅವರೊಬ್ಬರೇ ಹಾಕುತ್ತಾರೆ, ಎದುರಾಳಿಗಳದ್ದೂ ಸೇರಿಸಿ. ಎರಡು ವರ್ಷದಲ್ಲಿ ಹದಿನಾಲ್ಕು ನೋಟ್‌ಬುಕ್ ತುಂಬಿವೆ. ಇದನ್ನೆಲ್ಲ ಕಂಪ್ಯೂಟರ್ ಕ್ಷಣದಲ್ಲಿ ಮಾಡಿಬಿಡುತ್ತದಲ್ಲ ಎಂದರೆ ಅಕ್ಕ ಕಡ್ಡಿ ಮುರಿದಂತೆ ಹೇಳುತ್ತಾರೆ: "ಯಾರು ಸತ್ತರು ಅಂತ ಅದು ಹೇಳುತ್ತೆ. ಯಾರಿಗೆ ಬೇಜಾರಾಯ್ತು ಅಂತ ಹೇಳಲ್ಲ. ಅದಕ್ಕೆ ಬೇಜಾರೇ ಆಗಲ್ವಲ್ಲ!" ಹೀಗೆ ಉರುಳಿಸಿ ಉರುಳಿಸಿ ಅವರು ಕಂಡುಕೊಂಡ ಹದ ಇದು: ಆಟದೊಳಗಿನ ಒಂದು ದಿನಕ್ಕೆ ನಾಲ್ಕು ಕಾಳಗ, ನಡುವೆ ಎರಡು ಸಣ್ಣ ವಿಶ್ರಾಂತಿ, ಕೊನೆಗೊಂದು ಪೂರ್ತಿ ನಿದ್ದೆ.

ಈ ಕೈ ಪಳಗಿದ್ದು ಆಟದಲ್ಲಲ್ಲ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಡ್ರೈವರುಗಳ ಪಾಳಿಪಟ್ಟಿ ಬರೆದವರು ಅವರು. ಯಾರು ಯಾವ ಬಸ್ಸಿಗೆ, ಯಾರಿಗೆ ಎಷ್ಟು ಹೊತ್ತು ವಿಶ್ರಾಂತಿ, ಎಲ್ಲ ಅವರ ಕೈಬರಹದಲ್ಲಿ. 'ಡ್ಯೂಟಿ ಅಕ್ಕ' ಎಂಬ ಹೆಸರು ಅಂಟಿಕೊಂಡದ್ದೂ ಅಲ್ಲೇ. ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರಲಾಗದೆ ತಂಗಿಯ ಮಗಳ ಹಾಳೆಗಳನ್ನು ಸುಮ್ಮನೆ ಓದತೊಡಗಿದರು. ಓದಿದವರು ಸುಮ್ಮನಿರಲಿಲ್ಲ, ಅಷ್ಟೇ.

ಜಗಳ ಹುಟ್ಟಿದ್ದು ಒಂದು ಸಾಲಿನಿಂದ. ಕರಡಿನಲ್ಲಿ ಹೀಗಿತ್ತು: ರಾತ್ರಿ ತಂಡದ ಒಬ್ಬರು ಕಾವಲು ಕೂರಬೇಕು, ಬೆಳಿಗ್ಗೆ ಎಲ್ಲರಿಗೂ ಪೂರ್ತಿ ಶಕ್ತಿ ಮರಳುತ್ತದೆ. ಅಕ್ಕ ಅದರ ಕೆಳಗೆ ಕೆಂಪು ಪೆನ್ನಿನಲ್ಲಿ "ಕಾವಲು ಕೂತವರಿಗೆ ನಿದ್ದೆ ಎಲ್ಲಿಂದ ಬಂತು?" ಎಂದು ಬರೆದರು. ಅವರಿಗೆ ಅರ್ಧ ಶಕ್ತಿ ಮಾತ್ರ ಮರಳಲಿ, ಮರುದಿನ ಉಳಿದವರು ಅವರನ್ನು ಕಾಪಾಡಿಕೊಂಡು ಹೋಗಲಿ ಎಂಬುದು ಅವರ ಪಟ್ಟು. ಆಡಿ ನೋಡಿದವರೆಲ್ಲ ಮೂಗು ಮುರಿದರು. ಯಾರು ಯಾವತ್ತು ಕೂತಿದ್ದರು ಎಂದು ನೆನಪಿಟ್ಟುಕೊಳ್ಳುವುದೇ ತಲೆನೋವು, ಆಟ ಕುಂಟುತ್ತದೆ ಎಂದರು. ಹಾಳೆಗಳು ಅಚ್ಚಿಗೆ ಹೋಗಲು ಐದು ದಿನ ಉಳಿದಿತ್ತು.

"ದೊಡ್ಡಮ್ಮಾ, ಇದು ಆಟ ಅಷ್ಟೇ. ಯಾಕಿಷ್ಟು ಹಟ?" ಎಂದಳು ತಂಗಿಯ ಮಗಳು, ಕಳೆದ ಭಾನುವಾರ ಬೆಳಿಗ್ಗೆ, ಇದೇ ಮೇಜಿನ ಮುಂದೆ. ಆಗ ಅಕ್ಕ, ಮನೆಯಲ್ಲಿ ಯಾರಿಗೂ ಹೇಳದಿದ್ದುದನ್ನು ಹೇಳಿದರು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಹೊರ ಊರಿನ ಬಸ್ಸಿನ ಡ್ರೈವರ್ ಒಬ್ಬ ಮಧ್ಯಾಹ್ನ ಒಂದೂವರೆಗೆ ಡಿಪೋ ತಲುಪುತ್ತಿದ್ದ, ಮತ್ತೆ ಹೊರಡುವುದು ಐದೂವರೆಗೆ. ನಡುವಿನ ನಾಲ್ಕು ಗಂಟೆ ಬೆಂಚಿನ ಮೇಲೆ ಕಾಯಬೇಕು. ಎಲ್ಲಾದರೂ ಬಸ್ ಕೆಟ್ಟರೆ ಕರೆದ ತಕ್ಷಣ ಓಡಬೇಕು. ಪಟ್ಟಿಯಲ್ಲಿ ಅದಕ್ಕೆ ವಿಶ್ರಾಂತಿ ಎಂದು ಬರೆಯುವುದು ವಾಡಿಕೆ. ಅಕ್ಕನೂ ಬರೆದರು. "ಅವನು ತಮಾಷೆ ಮಾಡ್ತಿದ್ದ. 'ಅಕ್ಕಾ, ಒಂದಿನ ನೀವೂ ಬಂದು ಈ ಬೆಂಚ್ ಮೇಲೆ ರೆಸ್ಟ್ ತಗೊಳ್ಳಿ' ಅಂತ. ನಾನೂ ನಕ್ಕುಬಿಡ್ತಿದ್ದೆ." ಒಮ್ಮೆ ಸತತವಾಗಿ ಹಾಗೆ ಕಾದ ಮೂರನೆಯ ದಿನ ಸಂಜೆ, ಅವನಿಗೆ ಜೊಂಪು ಹತ್ತಿ ಬಸ್ಸು ರಸ್ತೆ ಬಿಟ್ಟು ಗೋಡೆಗೆ ಗುದ್ದಿತು. ಪ್ರಯಾಣಿಕರಿಗೆ ತರಚು ಗಾಯವಾಯಿತು. ಡ್ರೈವರ್ ಉಳಿಯಲಿಲ್ಲ.

ವಿಚಾರಣೆಯಲ್ಲಿ ಅವರ ಪಟ್ಟಿ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. "ತಪ್ಪಿಲ್ಲ ಅಂತ ಬರೆದುಕೊಟ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು" ಎನ್ನುತ್ತಾರೆ. ಅಲ್ಲಿಂದಾಚೆ ಪಟ್ಟಿಯಲ್ಲಿ 'ಕಾಯುವುದು' ಎಂಬ ಬೇರೆ ಕಾಲಂ ಗೀಚಿ, ಕಾದವರಿಗೆ ಮರುದಿನ ಸಣ್ಣ ಪಾಳಿ ಹಾಕುತ್ತಿದ್ದರು. ಮೇಲಧಿಕಾರಿಗಳು ಅದನ್ನು ಹೊಡೆದು ಹಾಕುತ್ತಿದ್ದರು. ಇವರು ಮತ್ತೆ ಬರೆಯುತ್ತಿದ್ದರು. ನಿವೃತ್ತಿಯ ದಿನದವರೆಗೂ ಅದು ಹಾಗೆಯೇ ನಡೆಯಿತು. ಒಂದು ವಾರವೂ ಆ ಕಾಲಂ ಉಳಿಯಲಿಲ್ಲ.

ತಂಗಿಯ ಮಗಳು ಹಾಳೆ ಎಳೆದುಕೊಂಡು ಅಕ್ಕ ಹೇಳಿದ ನಿಯಮವನ್ನು ತಾನೇ ಟೈಪ್ ಮಾಡಿದ್ದಾಳೆ. "ಇದನ್ನ ಬಿಟ್ಟು ಆಡೋರೂ ಇರ್ತಾರೆ ದೊಡ್ಡಮ್ಮಾ, ಬೇಜಾರು ಮಾಡ್ಕೋಬೇಡ" ಎಂದೂ ಹೇಳಿದ್ದಾಳೆ. ಮೊನ್ನೆ ಶುಕ್ರವಾರ ಹಾಳೆಗಳು ಅಚ್ಚಿಗೆ ಹೋದವು, ಅಕ್ಕನ ದಾಳ ಮಾತ್ರ ನಿಂತಿಲ್ಲ. ಪುಸ್ತಕದಲ್ಲಿ ಹೆಸರು ಹಾಕುತ್ತೇವೆಂದರೆ ಅಕ್ಕ ಬೇಡವೆಂದರಂತೆ.

ಹಾಗಾದರೆ ಬೇಕಾದದ್ದೇನು? ಅವರು ದಾಳವನ್ನು ಟವೆಲಿನ ಮೇಲಿಡುತ್ತಾರೆ.

"ಬಿಟ್ಟು ಆಡೋರು ಆಡಲಿ. ಎಲ್ಲೋ ಒಂದು ಮನೇಲಿ, ಆಟದಲ್ಲಿ ಬೆಳಗಾದಾಗ, ಯಾರಾದ್ರೂ ಒಬ್ರು 'ರಾತ್ರಿ ಎದ್ದಿದ್ದೋರು ಯಾರು?' ಅಂತ ಕೇಳಿದ್ರೆ ನನಗೆ ಸಾಕು. ನಾನು ಕೇಳಿರಲಿಲ್ಲ."