ಅಣ್ಣನ ಕೆಂಪು ಪೆನ್ಸಿಲು

ಅಣ್ಣನ ಎಡ ಹುಬ್ಬು ನಡುವೆ ಕಡಿದು ಎರಡು ತುಂಡಾಗಿತ್ತು. ಕೂಳೂರು ಹೊಳೆಯ ಬದಿಯ ಹಂಚಿನ ಕಾರ್ಖಾನೆಯಲ್ಲಿ ಅಟ್ಟದಿಂದ ಹಂಚೊಂದು ಜಾರಿ ಬಿದ್ದು ಆದ ಗಾಯ. ಸಿಟ್ಟು ಬಂದಾಗ ಹುಬ್ಬಿನ ಹೊರಗಿನ ತುಂಡು ಮಾತ್ರ ಮೇಲೇರುತ್ತಿತ್ತು. ನಾನು ಅದನ್ನು ಹೆಚ್ಚಾಗಿ ಹಾಗೆ ಏರಿದ್ದಾಗಲೇ ನೋಡಿದ್ದು.

ಅವನು ನನಗಿಂತ ಹತ್ತು ವರ್ಷ ದೊಡ್ಡವನು. ಅಪ್ಪ ತೀರಿಹೋದ ಮೇಲೆ, ನಾಲ್ಕನೇ ತರಗತಿಯಲ್ಲಿದ್ದ ಅವನನ್ನು ಶಾಲೆ ಬಿಡಿಸಿ ಹಸಿ ಹಂಚು ಹೊರಲು ಕಳಿಸಿದ್ದರು. ಅಲ್ಲಿನ ಮೇಸ್ತ್ರಿ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಸಿಳ್ಳೆ ಹಾಕುತ್ತಿದ್ದ. ಒಂದು ದಿನ ಅಣ್ಣ ಸಿಳ್ಳೆಗೆ ತಿರುಗಲಿಲ್ಲ. ಮರುದಿನದಿಂದ ಕೆಲಸವಿಲ್ಲ. ಆಗಲೇ ಎರಡನೇ ಮಹಾಯುದ್ಧ ಶುರುವಾಗಿತ್ತು. ಬ್ರಿಟಿಷರ ಸೈನ್ಯಕ್ಕೆ ಸೇರಿ ಲಾರಿ ಡ್ರೈವರನಾದ.

ಹೊರಡುವ ದಿನ ಅಮ್ಮ ಅತ್ತಳು. ಮನೆಯಲ್ಲಿ ನಾವು ತುಳು ಮಾತಾಡುವವರು, ಆದರೆ ಅಣ್ಣ ಸಿಟ್ಟು ಬಂದರೆ ಕನ್ನಡಕ್ಕೆ ತಿರುಗುತ್ತಿದ್ದ. "ಇಲ್ಲಿ ಎಂತ ಉಂಟು ಅಂತ ನಾನು ಕೂತ್ಕೊಳ್ಳುದು?" ಎಂದು ಅಮ್ಮನ ಮೇಲೆ ಹರಿಹಾಯ್ದ. ನನಗೆ ಹೇಳಿದ್ದು ಇಷ್ಟೇ: "ನೀನು ಎಂಟನೇ ಪಾಸಾಗ್ಬೇಕು. ನಡುವಲ್ಲಿ ಬಿಟ್ರೆ ಬಂದು ಕಾಲು ಮುರೀತೇನೆ."

ಅಮ್ಮನಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಅವನ ಕಾಗದಗಳು ನನ್ನ ಹೆಸರಿಗೇ ಬರುತ್ತಿದ್ದವು. ಯಾವುದೋ ಮರಳಿನ ದೇಶ. ಊರಿನ ಹೆಸರಿದ್ದ ಜಾಗವನ್ನು ಸೈನ್ಯದವರೇ ಕತ್ತರಿಸಿ ತೆಗೆದಿರುತ್ತಿದ್ದರು. ಅಲ್ಲಿ ಅವನು ಕನ್ನಡದ ಹಳೆಯ ಶಬ್ದಕೋಶವೊಂದನ್ನು ಸಂಪಾದಿಸಿಕೊಂಡು ದಿನಕ್ಕೊಂದು ಪುಟ ಬಾಯಿಪಾಠ ಮಾಡುತ್ತಿದ್ದನಂತೆ. ಅದರ ಫಲ ಉಂಡವಳು ನಾನು. ನಾನು ಬರೆದ ಕಾಗದಗಳನ್ನೇ ಅವನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದ. ನನ್ನ ಕಾಗುಣಿತದ ತಪ್ಪುಗಳು ಹಡಗು ಹತ್ತಿ, ಸಮುದ್ರ ದಾಟಿ ಮನೆಗೆ ಬರುತ್ತಿದ್ದವು. ಹೇಗಿದ್ದೀ ಎಂಬ ಒಂದು ಮಾತು ಇರುತ್ತಿರಲಿಲ್ಲ.

ಒಮ್ಮೆ ಮಾತ್ರ ತನ್ನ ಬಗ್ಗೆ ಬರೆದಿದ್ದ. "ನಮ್ಮ ಲಾರಿಗಳು ಸಾಲಾಗಿ ಹೋಗುತ್ತವೆ. ಮೊದಲು ನಾನು ಕೊನೆಯಲ್ಲಿದ್ದೆ, ಬರೀ ಧೂಳು ತಿನ್ನುತ್ತಿದ್ದೆ. ಮೊದಲನೆಯ ಲಾರಿ ಸಿಗಬೇಕೆಂದು ಹಟ ಹಿಡಿದು ಎಲ್ಲ ಪರೀಕ್ಷೆ ಪಾಸು ಮಾಡಿದೆ. ಈಗ ಸಿಕ್ಕಿದೆ. ಧೂಳಿಲ್ಲ. ಆದರೆ ಎಲ್ಲಿಗೆ ಹೋಗಬೇಕೆಂದು ಹೇಳುವವನು ಬೇರೆಯೇ ಇದ್ದಾನೆ."

ನನಗಾಗ ಹದಿಮೂರು. ಓದಿ ಏನೂ ಅನಿಸಲಿಲ್ಲ. ಆ ವರ್ಷವೇ ನಾನು ಶಾಲೆ ಬಿಟ್ಟು ಗೇರುಬೀಜದ ಕಾರ್ಖಾನೆಗೆ ಸೇರಿದ್ದೆ. ಅಮ್ಮನ ಒತ್ತಾಯವೆಂದು ಹೇಳಿದರೆ ಅರ್ಧ ಸುಳ್ಳು. ನನ್ನ ಗೆಳತಿಯರೆಲ್ಲ ಅಲ್ಲಿದ್ದರು, ನಗು ಅಲ್ಲಿತ್ತು. ಅಣ್ಣನಿಗೆ ಮಾತ್ರ ಶಾಲೆಯ ಸುದ್ದಿಯನ್ನೇ ಕಟ್ಟಿ ಬರೆಯುತ್ತಿದ್ದೆ. ಎರಡು ತಿಂಗಳಲ್ಲಿ ಉತ್ತರ ಬಂತು: "ಕಾಗದಕ್ಕೆ ಬೀಜದ ಸಿಪ್ಪೆಯ ಎಣ್ಣೆ ತಾಗಿದೆ. ನೀನು ಸುಳ್ಳಿ."

ನನಗೂ ರೇಗಿತು. ಊರಲ್ಲಿ ಆಗ ದಿನವೂ ಮೆರವಣಿಗೆ, ಘೋಷಣೆ. ನಾನು ಬರೆದೆ: "ಪರದೇಶಿ ರಾಜನ ಲಾರಿ ಓಡಿಸುವ ನೀನು ನನಗೆ ಬುದ್ಧಿ ಹೇಳಬೇಡ. ನಮಗೆ ಸ್ವಾತಂತ್ರ ಬೇಕು. ನನಗೆ ನಿನ್ನಿಂದಲೂ ಬೇಕು."

ಆ ಕಾಗದವೂ ವಾಪಸು ಬಂತು. 'ಸ್ವಾತಂತ್ರ'ದ ಸುತ್ತ ಕೆಂಪು ವೃತ್ತ. ಕೆಳಗೆ, "ಸ್ವಾತಂತ್ರ್ಯ. ಮೊದಲು ಬರೆಯಲು ಕಲಿ, ಆಮೇಲೆ ನನ್ನನ್ನು ಬೈ."

ಅದನ್ನು ಒಲೆಗೆ ಹಾಕಿದೆ. ಯುದ್ಧ ಮುಗಿಯುವವರೆಗೂ ಅವನಿಗೆ ಮತ್ತೆ ಬರೆಯಲಿಲ್ಲ.

ಅವನು ಊರಿಗೆ ಬಂದವನೇ ನೇರ ಕಾರ್ಖಾನೆಯ ಬಾಗಿಲಿಗೆ ಬಂದ. ನಾನು ನೂರಾರು ಹೆಂಗಸರ ನಡುವೆ ಕೂತು ಬೀಜ ಒಡೆಯುತ್ತಿದ್ದೆ.

"ಏಳು," ಎಂದ.

"ಏಳುದಿಲ್ಲ. ಅಷ್ಟು ವರ್ಷ ಇಲ್ಲದವ ಈಗ ಆಳ್ಲಿಕ್ಕೆ ಬಂದಿದ್ದೀಯಾ?"

"ಕೈ ತೋರ್ಸು."

ತೋರಿಸಿದೆ. ಎಣ್ಣೆ ಹತ್ತಿ ಬೆರಳುಗಳು ಕಪ್ಪಾಗಿ, ಚರ್ಮ ಸುಲಿದಿತ್ತು.

"ನೀನು ಬರ್ದದ್ದು ಈ ಸ್ವಾತಂತ್ರ್ಯವಾ?"

"ಹೌದು. ನಾನೇ ಆರಿಸ್ಕೊಂಡದ್ದು."

ಎಳೆದುಕೊಂಡು ಹೋಗುತ್ತಾನೆಂದೇ ಎಲ್ಲರೂ ಎಣಿಸಿದ್ದರು. ಅವನು ನನ್ನನ್ನು ಮುಟ್ಟಲಿಲ್ಲ. ಹೊರಗೆ ಗೇಟಿನ ಬಳಿಯ ಕಲ್ಲಿನ ಮೇಲೆ, ಕೆಲಸ ಮುಗಿಯುವವರೆಗೂ ಕೂತ. ಮರುದಿನವೂ ಬಂದು ಕೂತ. ಅದರ ಮರುದಿನವೂ. ಹೆಂಗಸರು ನಕ್ಕರು. ನಮ್ಮ ಮೇಸ್ತ್ರಿ "ಎಂತ ಮಾರಾಯ್ತಿ, ಇವನಿಗೆ ಬೇರೆ ಕೆಲ್ಸ ಇಲ್ವಾ?" ಎಂದು ನನ್ನನ್ನೇ ಕೇಳಿದ. ಹನ್ನೊಂದನೆಯ ದಿನ ನಾಚಿಕೆ ತಡೆಯಲಾರದೆ ಬೀಜ ಒಡೆಯುವ ಕೊಡತಿ ಕೆಳಗಿಟ್ಟು ಹೊರಗೆ ಬಂದೆ.

"ನಿನಗೆ ಎಂತ ಬೇಕು? ನನ್ನ ಹಿಂದೆ ಯಾಕೆ ಬಿದ್ದಿದ್ದೀ? ಇದು ಪ್ರೀತಿಯಾ?"

"ಅಲ್ಲ," ಎಂದ. "ನನಗೆ ಓದ್ಲಿಕ್ಕಿತ್ತು. ನನ್ನನ್ನು ಬಿಡಿಸಿದ್ರು. ನಿನ್ನನ್ನು ಯಾರೂ ಬಿಡಿಸ್ಲಿಲ್ಲ, ನೀನೇ ಬಿಟ್ಟೆ. ಅದು ನನಗೆ ಸಹಿಸ್ಲಿಕ್ಕಾಗುದಿಲ್ಲ."

ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ಅವನ ಮೇಲಿನ ದ್ವೇಷ ಕರಗಲಿಲ್ಲ. ಆದರೆ ಮರುವಾರ ನಾನು ನನಗಿಂತ ನಾಲ್ಕು ವರ್ಷ ಚಿಕ್ಕ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂತಿದ್ದೆ. ಅವನು ಬಸ್ಸು ಓಡಿಸಿದ, ನಾನು ಓದಿದೆ. ಒಂದೇ ಮನೆಯಲ್ಲಿದ್ದರೂ ಊಟಕ್ಕೆ ಬೇರೆ ಬೇರೆ ಹೊತ್ತಿಗೆ ಕೂರುತ್ತಿದ್ದೆವು. ಎಂಟನೇ ಪಾಸಾದಾಗ ಅವನು ಸುದ್ದಿ ಕೇಳಿ ಒಮ್ಮೆ ತಲೆ ಆಡಿಸಿದ. ಟೀಚರ್ ಟ್ರೈನಿಂಗಿನ ಅರ್ಜಿಗೆ ಸಹಿ ಹಾಕುವಾಗಲೂ ಹಾಗೆಯೇ.

ಮರಳಿನ ದೇಶದಿಂದ ಹತ್ತಿಸಿಕೊಂಡು ಬಂದ ಕೆಮ್ಮು ಅವನನ್ನು ಒಳಗಿಂದ ತಿನ್ನುತ್ತಿತ್ತು. ಕಾಟಿಪಳ್ಳದ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದಾಗ ಅವನು ಆಸ್ಪತ್ರೆ ಸೇರಿದ್ದ. ಹೇಳದೆ ಇರಲಾರದೆ ಅಲ್ಲಿಗೆ ಹೋದೆ.

"ಟೀಚರ್ ಕೆಲಸ ಸಿಕ್ಕಿತು."

"ಎಷ್ಟನೇ ಕ್ಲಾಸಿಗೆ?"

"ಒಂದನೇ."

ಅವನು ಕಣ್ಣು ಮುಚ್ಚಿಕೊಂಡ. "ಅಷ್ಟೇಯಾ?" ಎಂದ.

ನಾನು ತಿರುಗಿಯೂ ನೋಡದೆ ಹೊರಗೆ ನಡೆದೆ. ಎರಡು ದಿನದ ಮೇಲೆ ಅವನು ತೀರಿಕೊಂಡ. ಆ ಮೂರು ಅಕ್ಷರದ ಸಿಟ್ಟಿಗೇ ನಾನು ಮುಂದಿನ ಪರೀಕ್ಷೆಗಳಿಗೆಲ್ಲ ಕಟ್ಟಿದೆ. ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಕೂತ ದಿನ, ಕೋಣೆಯಲ್ಲಿ ಯಾರೂ ಇಲ್ಲದಾಗ, "ಇಷ್ಟು ಸಾಕಾ?" ಎಂದು ಗಟ್ಟಿಯಾಗಿಯೇ ಕೇಳಿದೆ. ಸಾಕು ಎನ್ನುವವನಲ್ಲ ಅವನು. ಅದು ಗೊತ್ತಿದ್ದೂ ಸ್ವಲ್ಪ ಹೊತ್ತು ಕಾದೆ.